ಶಿರವಾಳದ ಲಾಲಮ್ಮನವರ ತಂದೆಯ ಕಾಗದ ಕುರಿತು

ನಾನು ಈಶಪ್ಪ ತಂದೆ ಸಿದ್ರಾಮಪ್ಪ ಪತ್ತಾರ, ವಯಸ್ಸು 66 ವರ್ಷ, ಉದ್ಯೋಗ: ನಿವೃತ್ತ ಚಿತ್ರಕಲಾ ಶಿಕ್ಷಕ, ಸಾ: ಶಹಾಪುರ, ಜಿ: ಯಾದಗಿರಿ. ಇಂದು ದಿನಾಂಕ 16-8-2025ರಂದು ಸಾಯಂಕಾಲ 5-10 ಗಂಟೆಗೆ ಠಾಣೆಯಲ್ಲಿ ಹಾಜರಿದ್ದು, ನಿನ್ನೆ ನಾನೇ ಕೊಟ್ಟ ಕಳವಿನ ಫಿರ್ಯಾದಿಯ ಬಗ್ಗೆ ಮರು ಹೇಳಿಕೆಯಾಗಿ ಈ ಮೂಲಕ ತಿಳಿಸುವುದೇನೆಂದರೆ:

ನಾನು ನೌಕರಿಗೆ ಸೇರಿದ ಮೇಲೆ 1986ರಿಂದ ಒಂದು ಹವ್ಯಾಸ ಇಟ್ಟುಕೊಂಡಿದ್ದೇನೆ. ಯುದ್ಧದ ಕಾಲದಲ್ಲಿ ಸಿನಿಮಾ ನಟನಟಿಯರು, ಹಾಡುಗಾರರು, ಆಟಗಾರರು ಊರೂರಿಗೆ ಬಂದು ಜವಾನರ ನಿಧಿಗಾಗಿ ಕಾರ್ಯಕ್ರಮ ಕೊಡುತ್ತಿದ್ದರು. ಅಂಥ ಕಾರ್ಯಕ್ರಮಗಳಲ್ಲಿ ಅವರು ಸಹಿ ಹಾಕಿಕೊಟ್ಟ ವಸ್ತುಗಳನ್ನು ನಾನು ಹುಡುಕಿ ತರುತ್ತೇನೆ. 1962, 1965, 1971 ಮತ್ತು 1999ರ ಯುದ್ಧಗಳಿಗೆ ಸಂಬಂಧಿಸಿದ ಒಟ್ಟು 31 ವಸ್ತು ನನ್ನಲ್ಲಿವೆ. ಟಿಕೀಟು, ಕಾರ್ಯಕ್ರಮ ಪತ್ರಿಕೆ, ಫೋಟೋ, ಒಂದು ಕರವಸ್ತ್ರ, ಒಂದು ತಬಲಾದ ಹೊದಿಕೆ ಇತ್ಯಾದಿ. ಹೈದರಾಬಾದ್, ಸೊಲ್ಲಾಪುರ, ರಾಯಚೂರಿಗೆ ರಜೆ ಹಾಕಿ ಹೋಗಿ ತಂದಿದ್ದೇನೆ.

ದಿನಾಂಕ 12-12-1971ರ ರವಿವಾರ ಯಾದಗಿರಿಯ ರೈಲು ನಿಲ್ದಾಣದಿಂದ ಅರ್ಧ ಕಿ.ಮೀ. ದೂರದ ಬಯಲಿನಲ್ಲಿ ಇಂಥ ಒಂದು ಕಾರ್ಯಕ್ರಮ ನಡೆದಿತ್ತು. ಆಗ ನನಗೆ 12 ವರ್ಷ. ನಮ್ಮ ತಂದೆಯ ಜೊತೆ ಹೋಗಿದ್ದೆ. ವೇದಿಕೆ ನಮ್ಮಿಂದ ಸುಮಾರು 200 ಅಡಿ ದೂರ ಇತ್ತು. ಹತ್ತಿರ ಹೋಗಲು ಆಗಲಿಲ್ಲ. ಒಬ್ಬ ನಟಿ ಗುಲಾಬಿ ಬಣ್ಣದ ಸೀರೆ ಉಟ್ಟಿದ್ದಳು ಎಂಬುದು ಮಾತ್ರ ಕಂಡಿತ್ತು. ಆ ದಿನದ ಒಂದು ಸಹಿಯಾದರೂ ಸಿಗಬೇಕೆಂದು 33 ವರ್ಷ ಹುಡುಕಿದ್ದೇನೆ.

2019ರ ಮಾರ್ಚ್ ತಿಂಗಳಲ್ಲಿ, ಸುರಪುರದಲ್ಲಿ ಗುಮಾಸ್ತನಾಗಿರುವ ನನ್ನ ಹಳೆಯ ವಿದ್ಯಾರ್ಥಿ ಮೌನೇಶ ಫೋನ್ ಮಾಡಿ, ಶಿರವಾಳದಲ್ಲಿ ಲಾಲಮ್ಮ ಎಂಬ ಕೂಲಿ ಮಾಡುವ ಹೆಂಗಸಿನ ಮನೆಯಲ್ಲಿ ಅಂಥದೊಂದು ಕಾಗದ ಇದೆ ಎಂದು ತಿಳಿಸಿದನು. ದಿನಾಂಕ 9-3-2019ರಂದು ಬೆಳಿಗ್ಗೆ 10 ಗಂಟೆಗೆ ನಾನು ನನ್ನ ಮೋಟರ್ ಸೈಕಲ್ ಮೇಲೆ ಶಿರವಾಳಕ್ಕೆ ಹೋದೆನು. ಲಾಲಮ್ಮನವರು ಹೊಲಕ್ಕೆ ಹೊರಟವರು ನನ್ನನ್ನು ನೋಡಿ ಬುತ್ತಿ ಕೆಳಗಿಟ್ಟು, ಹೊರಸು ಹಾಕಿ, ಮೇಲೆ ಚಾದರ ಹಾಸಿದರು. ಪೆಟ್ಟಿಗೆಯಿಂದ ಒಂದು ಪ್ಲಾಸ್ಟಿಕ್ ಚೀಲ ತಂದು, ಅದರೊಳಗಿನ ಅರಿವೆ ಬಿಚ್ಚಿ ಕಾಗದ ತೋರಿಸಿದರು. ನಾಲ್ಕು ಮಡಿಕೆಯ ಗೆರೆ ಹಾಳೆ. ಒಂದು ಬದಿಗೆ ಶಾಯಿಯಲ್ಲಿ ಬರೆದ ಪತ್ರ. ಇನ್ನೊಂದು ಬದಿಗೆ, ಖಾಲಿ ಜಾಗದ ನಡುವೆ, ಆ ನಟಿಯ ದೊಡ್ಡ ಸಹಿ ಮತ್ತು 12-12-71 ಎಂಬ ತಾರೀಖು.

ಅದು ಹೇಗೆ ಬಂತು ಎಂದು ನಾನು ಕೇಳಿದ್ದಕ್ಕೆ ಲಾಲಮ್ಮನವರು ಹೇಳಿದ್ದು ಹೀಗೆ. ಅವರ ತಂದೆ ತಾಯಪ್ಪ ಫೌಜಿನಲ್ಲಿ ಸಿಪಾಯಿ ಆಗಿದ್ದರು. ಲಾಲಮ್ಮನವರಿಗೆ ಆಗ 8 ವರ್ಷ. ಊರಿನವರು ತಾಯಿ ಮೌನಮ್ಮನನ್ನೂ ಇವರನ್ನೂ ಸಿಪಾಯಿಯ ಮನೆಯವರೆಂದು ಯಾದಗಿರಿಗೆ ಕರೆದುಕೊಂಡು ಹೋಗಿ ವೇದಿಕೆ ಹತ್ತಿಸಿದ್ದರು. ತಂದೆಯ ಕಾಗದ ಎರಡು ದಿನದ ಹಿಂದೆ ಬಂದಿದ್ದರಿಂದ ಇವರು ಅದನ್ನು ಕೈಯಲ್ಲೇ ಹಿಡಿದಿದ್ದರು. ಆ ನಟಿ ಬಗ್ಗಿ ಗಲ್ಲ ಹಿಡಿದು, ಕೈಯಲ್ಲಿದ್ದ ಕಾಗದ ತೆಗೆದುಕೊಂಡು, ಹಿಂದೆ ಸಹಿ ಮಾಡಿ ಕೊಟ್ಟಳು. “ಅಪ್ಪನ ಕಾಗದದ ಮ್ಯಾಲ ಮಂದಿ ಕೈಲಿಂದ ಯಾಕ ಬರಸಿದಿ ಅಂತ ನಮ್ಮವ್ವ ಮನಿಗಿ ಬಂದು ಹೊಡದಿದ್ಲರಿ” ಎಂದರು. ಅದಾದ ಒಂದು ವಾರಕ್ಕೆ ತಂದೆ ತೀರಿಕೊಂಡರೆಂದು ಫೌಜಿನಿಂದ ತಾರು (ತಂತಿ) ಬಂತು. ಅದೇ ಕೊನೆಯ ಕಾಗದ.

ಅವರು ಇದನ್ನು ಹೇಳುವಾಗ ನಾನು ಸಹಿಯ ಶಾಯಿ ಎಷ್ಟು ಮಾಸಿದೆ ಎಂದು ಬೆಳಕಿಗೆ ಹಿಡಿದು ನೋಡುತ್ತಿದ್ದೆ.

ನಾನು ಅವರಿಗೆ, ಮಡಿಕೆಯಲ್ಲಿ ಕಾಗದ ಹರಿಯಲಿಕ್ಕೆ ಬಂದಿದೆ, ಗಾಜು ಹಾಕಿಸಿ ಎಂಟು ದಿನದಲ್ಲಿ ತಂದುಕೊಡುತ್ತೇನೆ ಎಂದು ಹೇಳಿದೆನು. ಅವರು ಕಾಗದವನ್ನು ಮತ್ತೆ ಅರಿವೆಯಲ್ಲಿ ಸುತ್ತಿ, “ನೀವು ಮಾಸ್ತರ್ರು ಅದೀರಿ, ಒಯ್ರಿ. ಎಂಟು ದಿನ ಅಂದೀರಿ ನೋಡ್ರಿ” ಎಂದು ಅರಿವೆ ಸಮೇತ ಕೊಟ್ಟರು. ನಾನು ಚೀಟಿ ಬರೆದುಕೊಡಲಿಲ್ಲ. ಅವರು ಕೇಳಲೂ ಇಲ್ಲ.

ಆ ದಿನ ಮನೆಗೆ ಬಂದವನು ಊಟ ಮಾಡದೆ ಕೆಲಸಕ್ಕೆ ಕುಳಿತೆನು. ಪತ್ರದ ಅಕ್ಷರಗಳು ಸಹಿಯ ಬದಿಗೆ ಮೂಡಿ ಕಾಣುತ್ತಿದ್ದವು, ಮಡಿಕೆಗಳೂ ಎದ್ದು ಕಾಣುತ್ತಿದ್ದವು. ಅದಕ್ಕಾಗಿ ಮೈದಾ ಹಿಟ್ಟಿನ ಅಂಟು ಕಾಯಿಸಿ, ಪತ್ರದ ಬದಿಗೆ ಪೂರ್ತಿ ಸವರಿ, ಬಿಳಿ ರಟ್ಟಿಗೆ ಒತ್ತಿ ಅಂಟಿಸಿದೆನು. ಶಾಯಿಗೆ ನೀರು ತಾಗಿದರೆ ಹರಡುತ್ತದೆ ಎಂದು 34 ವರ್ಷ ಮಕ್ಕಳಿಗೆ ಹೇಳಿಕೊಟ್ಟವನು ನಾನು. ಗೊತ್ತಿದ್ದೇ ಮಾಡಿದೆ. ಎಂಟು ದಿನದಲ್ಲಿ ಮರಳಿಸುವ ವಿಚಾರ ಇದ್ದಿದ್ದರೆ ಹಾಗೆ ಅಂಟಿಸುತ್ತಿರಲಿಲ್ಲ ಎಂಬುದು ನನಗೆ ಈಗ ತಿಳಿಯುತ್ತದೆ.

ಲಾಲಮ್ಮನವರು ಕಾಗದ ಕೇಳಲು ಶಿರವಾಳದಿಂದ ಬಸ್ಸಿನಲ್ಲಿ ನಮ್ಮ ಮನೆಗೆ ನಾಲ್ಕು ಸಲ ಬಂದಿದ್ದಾರೆ. ಮೊದಲ ಸಲ ನಾನೇ ಮಾತಾಡಿ, ಗಾಜು ಹೈದರಾಬಾದಿನಿಂದ ಬರಬೇಕು ಎಂದೆನು. ಉಳಿದ ಮೂರು ಸಲ ಒಳಗಿನ ಕೋಣೆಯಲ್ಲಿ ಕುಳಿತು, ಮನೆಯಲ್ಲಿ ಇಲ್ಲ ಎಂದು ಹೇಳಲು ಹೆಂಡತಿ ದೇವಕಮ್ಮಳಿಗೆ ಹೇಳಿದೆನು. ಒಂದು ಸಲ ಅವರು ಹೊಸ್ತಿಲ ಹೊರಗೆ ಎರಡು ತಾಸು ಕುಳಿತಿದ್ದರು. ಕೆಮ್ಮು ಬಂದರೆ ನಾನು ಬಾಯಿಗೆ ಟವೆಲ್ ಒತ್ತಿಕೊಂಡಿದ್ದೆ. ದೇವಕಮ್ಮ ಅವರಿಗೆ ಚಹಾ ಕೊಟ್ಟಳು. ಅವರ ಜಾತಿಯವರಿಗೆ ಚಹಾ ಕೊಡುವ ಲೋಟ ನಮ್ಮ ಮನೆಯಲ್ಲಿ ಹೊರಗಿನ ಕಟ್ಟೆಯ ಮೇಲೆ ಬೇರೆ ಇರುತ್ತಿತ್ತು. ಇದನ್ನೂ ಬರೆದುಕೊಳ್ಳಿ ಎಂದು ನಾನೇ ಹೇಳಿದ್ದೇನೆ.

ನಿನ್ನೆ ದಿನಾಂಕ 15-8-2025ರಂದು ಸ್ವಾತಂತ್ರ್ಯ ದಿನದ ನಿಮಿತ್ತ ಶಹಾಪುರದ ಒಂದು ಬಾಡಿಗೆ ಸಭಾಭವನದಲ್ಲಿ ನನ್ನ ಸಂಗ್ರಹದ ಪ್ರದರ್ಶನ ಇಟ್ಟಿದ್ದೆ. ಬೆಳಿಗ್ಗೆ 10-30ಕ್ಕೆ ಉದ್ಘಾಟನೆ ಆಯಿತು. ನನಗೆ ಶಾಲು ಹೊದಿಸಿದರು. ಲಾಲಮ್ಮನವರ ಕಾಗದವನ್ನು ಬಾಗಿಲಿನ ಎದುರು ಗೋಡೆಯ ನಡುಮಧ್ಯ ತೂಗುಹಾಕಿದ್ದೆ. ಅದರ ಕೆಳಗಿನ ಚೀಟಿಯಲ್ಲಿ ‘ಯಾದಗಿರಿ, 12-12-1971. ಅಜ್ಞಾತ ಅಭಿಮಾನಿಗೆ ನೀಡಿದ ಹಸ್ತಾಕ್ಷರ’ ಎಂದು ಬರೆದಿದ್ದೆ. ಹೆಸರು ಹಾಕಿದರೆ ಯಾರಾದರೂ ಕೇಳಿಯಾರು ಎಂದು ಅಜ್ಞಾತ ಎಂದು ಬರೆದೆನು.

ಮಧ್ಯಾಹ್ನ 12-10ಕ್ಕೆ ಲಾಲಮ್ಮನವರು ಒಳಗೆ ಬಂದರು. ಪ್ರದರ್ಶನದ ವಿಷಯ ಮೌನೇಶನಿಂದ ತಿಳಿಯಿತೆಂದು ಆಮೇಲೆ ಗೊತ್ತಾಯಿತು. ಚಪ್ಪಲಿ ಹೊರಗೆ ಬಿಟ್ಟು ಬಂದಿದ್ದರು. ಉಳಿದ ಯಾರೂ ಬಿಟ್ಟಿರಲಿಲ್ಲ. ಅವರು ನೇರ ಆ ಕಾಗದದ ಮುಂದೆ ಹೋಗಿ ನಿಂತರು. ಭೀಮರಾಯನಗುಡಿಯ ಕೃಷಿ ಕಾಲೇಜಿನಿಂದ ಬಂದಿದ್ದ ಒಬ್ಬ ವಿದ್ಯಾರ್ಥಿನಿಗೆ, ಕೆಳಗೆ ಏನು ಬರೆದಾರ ಓದವ್ವ ಎಂದು ಕೇಳಿದರು. ಆ ಹುಡುಗಿ ಓದಿ, ಅಜ್ಞಾತ ಎಂದರೆ ಯಾರೆಂದು ಗೊತ್ತಿಲ್ಲದವರು ಎಂದು ಬಿಡಿಸಿ ಹೇಳಿದಳು. ನಾನು ನಾಲ್ಕು ಅಡಿ ದೂರದಲ್ಲಿ ಪತ್ರಿಕೆಯವರ ಜೊತೆ ಮಾತಾಡುತ್ತಿದ್ದೆ. ಲಾಲಮ್ಮನವರು ನನ್ನ ಹತ್ತಿರ ಬಂದು, “ಸರ್, ನಾ ಗೊತ್ತಿಲ್ಲದಕಿ ಏನ್ರಿ?” ಎಂದು ಕೇಳಿದರು.

ನಾನು ಪತ್ರಿಕೆಯವರ ಕಡೆ ತಿರುಗಿದೆನು. ಅವರು, “ಹೋಗ್ಲಿ ಬಿಡ್ರಿ. ಅದನ್ನ ಹಿಂದ ತಿರುಗಿಸಿ ತೋರಸ್ರಿ. ನಮ್ಮಪ್ಪನ ಬರವಣಿಗಿ ಒಂದ್ಸಲ ನೋಡಿ ಹೋಗತೀನಿ” ಎಂದರು. ಫ್ರೇಮು ಬಿಚ್ಚಲಿಕ್ಕೆ ಬರುವುದಿಲ್ಲ, ಈಗ ಗದ್ದಲ ಇದೆ, ಆಮೇಲೆ ಬಾ ಎಂದು ಹೇಳಿ, ಮೇಜಿನ ಮೇಲಿದ್ದ ಬೂಂದಿ ಪೊಟ್ಟಣ ಒಂದನ್ನು ಅವರ ಕೈಯಲ್ಲಿಟ್ಟು ಬಾಗಿಲ ಕಡೆ ತೋರಿಸಿದೆನು. ಪತ್ರಿಕೆಯವರು ಯಾರಿವರು ಎಂದು ಕೇಳಿದ್ದಕ್ಕೆ, ಯಾರೋ ಪಾಪ ಎಂದೆನು. ಅವರಿಗೆ ಅದು ಕೇಳಿಸಿತು.

12-40ರ ಸುಮಾರಿಗೆ ನಾನು ಅತಿಥಿಗಳನ್ನು ಊಟಕ್ಕೆ ಕರೆದುಕೊಂಡು ಪಕ್ಕದ ಕೋಣೆಗೆ ಹೋದೆನು. 1-05ಕ್ಕೆ ಮರಳಿ ಬಂದಾಗ ಗೋಡೆಯ ಮೇಲೆ ಮೊಳೆ ಮಾತ್ರ ಇತ್ತು. ಕೆಳಗೆ ಮೇಜಿನ ಮೇಲೆ ಬೂಂದಿ ಪೊಟ್ಟಣ ಬಿಚ್ಚದೆ ಇಟ್ಟದ್ದು ಇತ್ತು. ಯಾರು ಒಯ್ದಿದ್ದಾರೆ ಎಂಬುದು ನನಗೆ ಆ ಕ್ಷಣವೇ ಗೊತ್ತಾಯಿತು.

ಅಷ್ಟು ಜನರ ಮುಂದೆ ಖಾಲಿ ಮೊಳೆ ಕಂಡದ್ದರಿಂದ ಸಿಟ್ಟು ಬಂದು, 3-30 ಗಂಟೆಗೆ ಈ ಠಾಣೆಗೆ ಬಂದು ಬರಹದಲ್ಲಿ ಫಿರ್ಯಾದಿ ಕೊಟ್ಟೆನು. ಅದರಲ್ಲಿ, ಸದರಿ ವಸ್ತುವನ್ನು 2019ರಲ್ಲಿ ಹೈದರಾಬಾದಿನ ಹಳೆ ಸಾಮಾನಿನ ಬಜಾರಿನಲ್ಲಿ ಖರೀದಿ ಮಾಡಿದ್ದೇನೆ, ಶಿರವಾಳದ ಲಾಲಮ್ಮ ಎಂಬ ಹೆಂಗಸಿನ ಮೇಲೆ ಸಂಶಯ ಇದೆ ಎಂದು ಬರೆದಿದ್ದೆ. ಖರೀದಿ ಮಾಡಿದ್ದು ಶುದ್ಧ ಸುಳ್ಳು. ಸಂಶಯ ಎಂಬುದೂ ಸುಳ್ಳು, ಏಕೆಂದರೆ ನನಗೆ ಖಚಿತ ಗೊತ್ತಿತ್ತು.

ಸಂಜೆ 6-15ಕ್ಕೆ ಮನೆಗೆ ಹೋಗಿ ದೇವಕಮ್ಮಳಿಗೆ ಹೇಳಿದೆನು. ಅವಳು ಹಿಟ್ಟು ನಾದುತ್ತಿದ್ದವಳು ಕೈ ನಿಲ್ಲಿಸಿ, “ಕಳ್ಳಿ ಅಂತ ಬರಕೊಟ್ಟು ಬಂದೀರಿ? ಆಕಿ ನಾಕು ಸಲ ಬಂದು ಹೋಗ್ಯಾಳ. ನೀವು ಒಳಗ ಇದ್ದಿದ್ದು ಆಕಿಗಿ ಗೊತ್ತಿತ್ತು. ಹೋಗಬೇಕಾದ್ರ, ಸರ್ ಕೆಮ್ಮಿಗಿ ಏನರ ಕೊಡ್ರಿ ಅಮ್ಮ ಅಂತ ನನಗ ಹೇಳಿ ಹೋಗಿದ್ಲು” ಎಂದಳು. ಇದನ್ನು ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದು ಕೇಳಿದೆನು. “ಹೇಳಿದ್ರ ಕೊಟ್ಟು ಬರತಿದ್ರಿ ಏನು?” ಎಂದಳು. ಆಗಲೂ ನಾನು ಠಾಣೆಗೆ ಬಂದು ಫಿರ್ಯಾದಿ ವಾಪಸ್ ಪಡೆಯಲಿಲ್ಲ. ಠಾಣೆ ನಮ್ಮ ಮನೆಯಿಂದ ನಡೆದರೆ ಹತ್ತು ನಿಮಿಷ.

ಇಂದು ಬೆಳಿಗ್ಗೆ 9-20ಕ್ಕೆ ಹೆಡ್ ಕಾನ್ಸ್‌ಟೇಬಲ್ ಮಲ್ಲೇಶ್ವರಿ ಮೇಡಂ ಅವರು ಸಿಬ್ಬಂದಿ ಜೊತೆ ಜೀಪಿನಲ್ಲಿ ಶಿರವಾಳಕ್ಕೆ ಹೋಗಿದ್ದಾರೆ. ಲಾಲಮ್ಮನವರು ಅಂಗಳದಲ್ಲೇ ಇದ್ದು, ಕೇಳುವ ಮೊದಲೇ ಫ್ರೇಮು ತಂದು ಕೊಟ್ಟು, ನಾನೂ ಬರುತ್ತೇನೆ, ಆ ಸರ್ ಮುಂದೆಯೇ ಮಾತಾಡುತ್ತೇನೆ ಎಂದು ತಾವಾಗಿ ಬಂದಿದ್ದಾರೆ. ಓಣಿಯ ಜನರೆಲ್ಲ ಹೊರಗೆ ಬಂದು ನೋಡಿದರು ಎಂದು ಮೇಡಂ ಹೇಳಿದರು. ಜೀಪು ಆ ಓಣಿಗೆ ಹೋದದ್ದು ನಾನು ಬರೆದುಕೊಟ್ಟದ್ದರಿಂದ.

11-30ಕ್ಕೆ ನನಗೆ ಫೋನ್ ಬಂದು ನಾನು ಠಾಣೆಗೆ ಬಂದೆನು. ಲಾಲಮ್ಮನವರು ಬೆಂಚಿನ ಮೇಲೆ ಕುಳಿತಿದ್ದರು. ನನ್ನನ್ನು ನೋಡಿ ಎದ್ದು ನಿಂತರು. ಠಾಣೆಯ ಪಿಎಸ್‌ಐ ಸಾಹೇಬರು ಅವರಿಗೆ, ಕಳವು ಮಾಡಿದ್ದು ಹೌದೇ ಎಂದು ಕೇಳಿದರು. “ಒಯ್ದಿದ್ದು ಹೌದ್ರಿ. ಕಳವು ಮಾಡಿಲ್ಲರಿ. ನಮ್ಮಪ್ಪಂದು. ಹಿಂದಿನ ಮೊಳಿ ಕಿತ್ತಿ ನೋಡೀನಿ, ಬರೇ ರಟ್ಟು ಅದ. ಹೆದರಿ ಬಿಟ್ಟೀನಿ, ಎಲ್ಯರ ಕಾಗದ ಹರದೀತು ಅಂತ” ಎಂದರು.

ವಸ್ತು ಹಾಜರುಪಡಿಸಿದ ಪೊಲೀಸ್ ದಾಖಲೆಗೆ ಹೆಬ್ಬೆಟ್ಟು ಒತ್ತಲು ಹೇಳಿದಾಗ, ಲಾಲಮ್ಮನವರು ಪೆನ್ನು ಕೇಳಿ ನಿಧಾನಕ್ಕೆ ‘ಲಾಲವ್ವ’ ಎಂದು ಬರೆದರು. ಆಧಾರ್ ಕಾರ್ಡಿನಲ್ಲಿ ಲಾಲಮ್ಮ ಎಂದಿದೆಯಲ್ಲ ಎಂದು ಮೇಡಂ ಕೇಳಿದರು. ತಮಗೆ ಓದು ಬರಹ ಬರುವುದಿಲ್ಲ, ತಂದೆಯ ಕಾಗದದ ಕೆಳಗೆ ತಮ್ಮ ಹೆಸರು ಹಾಗೆ ಇದೆ, ಅದರ ಮೇಲೆ ಬೆರಳಾಡಿಸಿ ಆಡಿಸಿ ಇದ್ದಿಲಿನಿಂದ ಗೋಡೆಯ ಮೇಲೆ ಬರೆದು ಕಲಿತದ್ದು ಎಂದು ಹೇಳಿದರು. “ಅದೊಂದಽ ಬರತದರಿ ನನಗ. ಅದನ್ನ ನೋಡಬೇಕಾಗಿತ್ತು” ಎಂದರು.

 ಕುರ್ಚಿಯಲ್ಲಿ ಕುಳಿತು, ಸಾಹೇಬರಿಗೆ, ನಾನು ಖರೀದಿ ಮಾಡಿಲ್ಲ, ಎಂಟು ದಿನಕ್ಕೆಂದು ಕೇಳಿ ತಂದಿದ್ದೇನೆ, ಅಂಟಿಸಿಬಿಟ್ಟಿದ್ದೇನೆ ಎಂದು ಹೇಳಿದೆನು. ಬಿಡಿಸಲು ಬರುತ್ತದೆಯೇ ಎಂದು ಅವರು ಕೇಳಿದರು. ಒದ್ದೆ ಬಟ್ಟೆ ಇಟ್ಟರೆ ಮೈದಾ ಬಿಡುತ್ತದೆ ಎಂದೆನು. ಹಾಗಾದರೆ ಇವರ ಎದುರೇ ಬಿಡಿಸಿ ಎಂದರು.

12-15ಕ್ಕೆ ಮೇಜಿನ ಮೇಲೆ ಫ್ರೇಮು ಬಿಚ್ಚಿ, ಒದ್ದೆ ಬಟ್ಟೆ ಹಾಕಿ 40 ನಿಮಿಷ ಕಾದೆವು.  12-55ಕ್ಕೆ ನಾನು ಒಂದು ಮೂಲೆಯಿಂದ ಕಾಗದ ಎಬ್ಬಿಸಿದೆನು. ಪತ್ರದ ಬದಿ ನೀಲಿ ಕಲೆಯಾಗಿತ್ತು. ಅಕ್ಷರ ಇರಲಿಲ್ಲ. ಅಂಟಿಸಿದ ದಿನವೇ ಶಾಯಿ ಬಿಟ್ಟು ರಟ್ಟಿಗೆ ಇಳಿದಿತ್ತು. ರಟ್ಟಿನ ಮೇಲೆ ಅಕ್ಷರಗಳು ಉಲ್ಟಾ ಮೂಡಿದ್ದವು. ಕೆಳಗಿನ ಮೂರು ಬೆರಳಿನಷ್ಟು ಜಾಗವನ್ನು ಮೈದಾಕ್ಕೆ ಬಂದ ಹುಳು ರಟ್ಟು ಕಾಗದ ಎರಡನ್ನೂ ಸೇರಿಸಿ ತಿಂದಿತ್ತು. ಆ ಭಾಗ ಫ್ರೇಮಿನ ಅಗಲ ಪಟ್ಟಿಯ ಅಡಿ ಇದ್ದುದರಿಂದ ಹೊರಗೆ ಕಂಡಿರಲಿಲ್ಲ.

ಲಾಲಮ್ಮನವರು ಬಗ್ಗಿ, ಕೆಳಗಿನ ಎಡ ಮೂಲೆಯಲ್ಲಿ ಬೆರಳಿಟ್ಟರು. ಅಲ್ಲಿ ತೂತು ಇತ್ತು. ಬೆರಳು ಮೇಜಿಗೆ ತಾಗಿತು.

ನಾನು ಏನಾದರೂ ಹೇಳಬೇಕೆಂದು, ಇನ್ನೊಂದು ಬದಿಯ ಸಹಿಗೆ ಏನೂ ಆಗಿಲ್ಲ, ಅದು ಚೆನ್ನಾಗಿ ಉಳಿದಿದೆ ಎಂದೆನು. ಅವರು ನನ್ನ ಮುಖ ನೋಡಿ, “ಅದನ್ನ ತಗೊಂಡು ನಾ ಏನ್ ಮಾಡ್ಲಿರಿ?” ಎಂದರು. ನಾನು ಹಾಗೆ ಹೇಳಬಾರದಿತ್ತು.

ಮಲ್ಲೇಶ್ವರಿ ಮೇಡಂ ತಮ್ಮ ಮೊಬೈಲಿನಲ್ಲಿ ರಟ್ಟಿನ ಫೋಟೋ ತೆಗೆದು, ಅದನ್ನು ಎಡಬಲ ತಿರುಗಿಸಿ, ಓದಲು ಬಂದಷ್ಟು ಗಟ್ಟಿಯಾಗಿ ಓದಿದರು. ನಾನು ಆರು ವರ್ಷ ಇಟ್ಟುಕೊಂಡಿದ್ದರೂ ಆ ಪತ್ರದಲ್ಲಿ ಏನಿದೆ ಎಂದು ಅಲ್ಲಿಯವರೆಗೆ ಓದಿರಲಿಲ್ಲ. ಅದರಲ್ಲಿ ಹೀಗಿತ್ತು: “ಮೌನವ್ವಗ ತಾಯಪ್ಪ ಬರಿಯೋದು. ನಾ ಆರಾಮ ಅದೀನಿ. ಇಲ್ಲಿ ಥಂಡಿ ಬಾಳ ಅದ. ಕರಿ ಆಡು ಈದದೋ ಇಲ್ಲೋ ತಿಳಸು. ಮರಿ ಮಾರಬ್ಯಾಡ. ಹಿತ್ತಲ ಗ್ವಾಡಿ ಬಿದ್ದದ ಅಂತ ಕೇಳೀನಿ. ಬಂದ ಮ್ಯಾಲ ನಾ ಕಟ್ಟತೀನಿ, ನೀ ಕಲ್ಲು ಹೊರಬ್ಯಾಡ.” ಇಲ್ಲಿಗೆ ಮೇಡಂ ನಿಲ್ಲಿಸಿ, ಮುಂದೆ ಹುಳು ತಿಂದಿದೆ, ಕಾಣುವುದಿಲ್ಲ ಎಂದರು.

ಲಾಲಮ್ಮನವರು ಕಾಗದದ ಕಡೆ ನೋಡದೆ, ನಿಂತಲ್ಲಿಂದಲೇ ಮುಂದಿನದನ್ನು ಹೇಳಿದರು: “ಲಾಲವ್ವನ್ನ ಸಾಲಿ ಬಿಡಸಬ್ಯಾಡ. ಮುಂದಿನ ಕಾಗದ ಆಕಿನೇ ಬರೀಬೇಕು. ನಾ ಓದತೀನಿ.”

ಆಮೇಲೆ, ಇಷ್ಟೇ ಇತ್ತು ಎಂದರು. ಶಾಲೆ ಯಾವಾಗ ಬಿಟ್ಟಿರಿ ಎಂದು ಮೇಡಂ ಕೇಳಿದ್ದಕ್ಕೆ, ತಾರು ಬಂದ ಮೇಲೆ ಆ ಬೇಸಿಗೆಯಲ್ಲೇ ಎಂದು ಹೇಳಿದರು. ಮೇಡಂ ಫೋನ್ ಕೆಳಗಿಟ್ಟು ಸ್ವಲ್ಪ ಹೊತ್ತು ಹೊರಗೆ ಹೋಗಿ ಬಂದರು.

1-40ಕ್ಕೆ ಸಾಹೇಬರು ಲಾಲಮ್ಮನವರಿಗೆ, ನಂಬಿಸಿ ವಸ್ತು ಒಯ್ದು ಮರಳಿಸದ ಬಗ್ಗೆ ಮತ್ತು ಸುಳ್ಳು ಫಿರ್ಯಾದಿಯ ಬಗ್ಗೆ ನನ್ನ ಮೇಲೆ ಕೇಸು ಕೊಡಬಹುದು ಎಂದು ತಿಳಿಸಿ ಹೇಳಿದರು. ಅವರು ಬೇಡ ಎಂದರು. ಫ್ರೇಮು ಗುರುತಿಸಲು ನನಗೆ ಕೇಳಿದಾಗ, ಕಟ್ಟು ಮತ್ತು ಗಾಜು ನನ್ನವು, ಕಾಗದ ಲಾಲಮ್ಮನವರದು ಎಂದು ಹೇಳಿದೆನು. ಕಾಗದ ಮತ್ತು ರಟ್ಟು ಎರಡನ್ನೂ ಅವರಿಗೇ ಕೊಡಬೇಕೆಂದು ಕೋರುತ್ತೇನೆ. ಅವರ ಮೇಲೆ ದಾಖಲಾದ ಗುನ್ನೆ ನನ್ನ ಸುಳ್ಳಿನ ಮೇಲೆ ನಿಂತದ್ದು, ಅದನ್ನು ರದ್ದುಪಡಿಸಲು ಬೇಕಾದ ಕಡೆಯೆಲ್ಲ ಬಂದು ಹೇಳಲು ನಾನು ತಯಾರಿದ್ದೇನೆ. ನನ್ನ ಮೇಲೆ ಕಾನೂನಿನಂತೆ ಏನು ಕ್ರಮ ಇದ್ದರೂ ನನ್ನ ತಕರಾರು ಇಲ್ಲ. ಉಳಿದ 30 ವಸ್ತುಗಳಲ್ಲಿ ಎಷ್ಟರ ಹಿಂಬದಿಯನ್ನು ನಾನು ನೋಡಿಲ್ಲ ಎಂದು ಸಾಹೇಬರು ಕೇಳಿದರು. ಲೆಕ್ಕ ಇಟ್ಟಿಲ್ಲ ಎಂದು ಹೇಳಿದ್ದೇನೆ.

ಈ ಹೇಳಿಕೆಯನ್ನು ಮಲ್ಲೇಶ್ವರಿ ಮೇಡಂ ಟೈಪ್ ಮಾಡಿ ನನಗೆ ಓದಿ ಹೇಳಿದರು. ಲಾಲಮ್ಮನವರೂ ಕೇಳಬೇಕೆಂದು ನಾನು ಕೋರಿದ್ದರಿಂದ ಅವರ ಎದುರು ಮೊದಲಿನಿಂದ ಇನ್ನೊಮ್ಮೆ ಓದಲಾಯಿತು. ಅವರು ಸೆರಗು ತಲೆಯ ಮೇಲೆ ಎಳೆದುಕೊಂಡು, ಪೂರ್ತಿ ಕೇಳಿದರು. ಕೊನೆಗೆ ನಾನು, ‘ಲಾಲಮ್ಮನವರು ನನ್ನನ್ನು ಕ್ಷಮಿಸಿರುತ್ತಾರೆ’ ಎಂದು ಒಂದು ಸಾಲು ಬರೆಸಿದ್ದೆ. ಆ ಸಾಲಿಗೆ ಬಂದಾಗ ಅವರು ಕೈ ಎತ್ತಿ ನಿಲ್ಲಿಸಿದರು.

“ಮಾಫ್ ಮಾಡೀನಂತ ನಾ ಯಾವಾಗ ಅಂದೀನ್ರಿ?” ಎಂದು ಕೇಳಿದರು. “ಕೇಸ್ ಬ್ಯಾಡ ಅಂದೀನಿ. ನಾ ಎಷ್ಟು ಅಂದೀನಿ ಅಷ್ಟ ಬರೀರಿ.”

ಆ ಸಾಲನ್ನು ನನ್ನ ಒಪ್ಪಿಗೆಯಿಂದ ತೆಗೆಯಲಾಗಿದೆ. ಅವರು ಅಂದಷ್ಟೇ ಬರೆಯಲಾಗಿದೆ: ಲಾಲಮ್ಮನವರಿಗೆ ಕೇಸು ಬೇಡ.

ಇದರಲ್ಲಿ ಇರುವುದು ನಿಜ. ನಿನ್ನೆ ನಾನು ಬರೆದುಕೊಟ್ಟದ್ದು ನಿಜವಲ್ಲ. ಎರಡರ ಕೆಳಗೂ ಇರುವ ಸಹಿ ನನ್ನದೇ.

ಸ್ಥಳ: ಶಹಾಪುರ
ದಿನಾಂಕ: 16-8-2025, ಸಾಯಂಕಾಲ 6-50 ಗಂಟೆ

(ಸಹಿ)
ಈಶಪ್ಪ ತಂದೆ ಸಿದ್ರಾಮಪ್ಪ ಪತ್ತಾರ